ಶಾರದಮ್ಮ ಕೇಳದೆ ಬಿಟ್ಟದ್ದು

ಚೆನ್ನೈನ ಅಂಬತ್ತೂರಿನ ಆ ಮೂರು ಮಹಡಿಯ ಕಟ್ಟಡದಲ್ಲಿ ಯಾರಿಗೆ ಯಾವ ದಿನ ಬೇಕಾದರೂ ಶಾರದಮ್ಮನವರನ್ನು ಕೇಳಿದರೆ ಸಾಕಿತ್ತು. ಏಕಾದಶಿ ಯಾವತ್ತು, ಗ್ಯಾಸ್ ಸಿಲಿಂಡರ್ ಬಂದು ಎಷ್ಟು ದಿನವಾಯಿತು, ಮೇಲಿನ ಮನೆಯ ಕೂಸಿಗೆ ಮುಂದಿನ ಚುಚ್ಚುಮದ್ದು ಯಾವಾಗ, ಎಲ್ಲವೂ ಅವರ ನಾಲಗೆಯ ತುದಿಯಲ್ಲಿತ್ತು. ಗಂಡ ಭೋಜರಾಜರು ಸೆಂಟ್ರಲ್ ಸ್ಟೇಷನ್ನಿನ ಪಾರ್ಸೆಲ್ ಆಫೀಸಿನಲ್ಲಿ ಗುಮಾಸ್ತರು. ತಮ್ಮ ಮದುವೆಯ ದಿನವನ್ನೂ ಹೆಂಡತಿಯನ್ನು ಕೇಳಿಯೇ ತಿಳಿದುಕೊಳ್ಳುವ ಮನುಷ್ಯ. ತಿಪಟೂರಿನಿಂದ ಮದುವೆಯಾಗಿ ಬಂದು ಇಪ್ಪತ್ತೊಂದು ವರ್ಷವಾದರೂ ಶಾರದಮ್ಮನವರಿಗೆ ತಮಿಳು ನೆಟ್ಟಗೆ ಬರುತ್ತಿರಲಿಲ್ಲ. ಆದರೆ ತಮಿಳರ ಮನೆಗಳ ತಿಥಿಗಳೆಲ್ಲ ಬಾಯಿಪಾಠವಾಗಿದ್ದವು.

ದಿನಗಳ ಈ ಜ್ಞಾನದಲ್ಲಿ ಒಂದು ಭಾಗ ಬಾಯಿಬಿಟ್ಟು ಹೇಳುವಂಥದ್ದಲ್ಲ. ಅವರದು ಮಡಿಯ ಮನೆ. ತಿಂಗಳಿಗೆ ಮೂರು ದಿನ ಹೆಂಗಸರು ಹೊರಗೆ. ಎರಡು ಕೋಣೆಯ ಮನೆಯಲ್ಲಿ 'ಹೊರಗೆ' ಎಂದರೆ ಬಾಗಿಲ ಪಕ್ಕದ ನಾಲ್ಕಡಿ ವರಾಂಡ, ಅಲ್ಲೊಂದು ಚಾಪೆ, ಒಂದು ತಟ್ಟೆ, ಒಂದು ಲೋಟ. ಮಗಳು ಭಾವನಾ ಅಲ್ಲಿ ಕೂತಳೆಂದರೆ ಮೆಟ್ಟಿಲು ಹತ್ತುವವರಿಗೆಲ್ಲ ವಿಷಯ ಗೊತ್ತು, ಹಾಲು ಹಾಕುವವನಿಗೂ ಗೊತ್ತು. ಹುಡುಗಿ ನಾಚಿ ಪುಸ್ತಕದಲ್ಲಿ ಮುಖ ಹುದುಗಿಸುತ್ತಿದ್ದಳು. ನಾಚಿಕೆ ಯಾತಕ್ಕೆ, ಇದೇನು ಕಳ್ಳತನವೇ ಎಂದು ತಾಯಿ ಗದರುತ್ತಿದ್ದರು. ಆದರೆ ಇದು ಏಕೆ ಬರುತ್ತದೆ, ಬಾರದಿದ್ದರೆ ಏನರ್ಥ ಎಂದು ಮಗಳಿಗೆ ಒಂದು ದಿನವೂ ಹೇಳಿದವರಲ್ಲ. ಮುಟ್ಟಬಾರದ್ದರ ಪಟ್ಟಿ ಹೇಳಿಕೊಟ್ಟಿದ್ದರು, ಅಷ್ಟೇ ಸಾಕೆಂದು ಕೈ ತೊಳೆದುಕೊಂಡಿದ್ದರು.

ಎದುರು ಮನೆಯಲ್ಲಿ ಇದೊಂದೂ ಇರಲಿಲ್ಲ. ಅದು ಚನ್ನವೀರಪ್ಪನವರ ಮನೆ. ಇಂಡಸ್ಟ್ರಿಯಲ್ ಎಸ್ಟೇಟಿನ ಕಾರ್ಖಾನೆಗಳಿಗೆ ಬೇರಿಂಗ್ ಒದಗಿಸುವ ಅಂಗಡಿ ಅವರದು. ಹೆಂಡತಿ ಸುಮಿತ್ರಮ್ಮ ರಾಣೆಬೆನ್ನೂರಿನ ಕಡೆಯವರು, ಕೊರಳಲ್ಲಿ ಲಿಂಗದ ಕರಡಿಗೆ, ಗಟ್ಟಿ ದನಿ, ಗಟ್ಟಿ ನಗು. ಒಬ್ಬಳೇ ಮಗಳು ಶರಣ್ಯಾ, ಭಾವನಾಳ ಕ್ಲಾಸು, ಭಾವನಾಳ ಬೆಂಚು. ಅವಳು ಅಮ್ಮನ ಕನ್ನಡಕ್ಕೆ ತಮಿಳಿನಲ್ಲಿ ಉತ್ತರ ಕೊಡುವಳು. ತಾಯಿ ಒಂದು ದಾರಿಯಲ್ಲಿ ಹೋದರೆ ಮಗಳು ಇನ್ನೊಂದು ದಾರಿಯಲ್ಲಿ ಬರುತ್ತಿದ್ದಳು. ಊಟ, ಪಾಠ, ಬಟ್ಟೆಗಳ ಮಟ್ಟಿಗೆ ಅದರಿಂದ ತೊಂದರೆಯೇನೂ ಆಗಲಿಲ್ಲ. ಅದಕ್ಕಿಂತ ಒಳಗಿನ ಸಂಗತಿಗೆ ಆ ಮನೆಯಲ್ಲಿ ಮಾತೇ ಇರಲಿಲ್ಲ.

ಹುಡುಗಿಯರಿಗೆ ಹದಿಮೂರಾದಾಗ ಒಂದು ಜಗಳವಾಗಿತ್ತು. ಶಾರದಮ್ಮನವರು ತಮ್ಮ ಮನೆಗೆ ಓದಲು ಬರುವ ಶರಣ್ಯಾಳನ್ನೂ ಬಾಗಿಲಲ್ಲೇ ತಡೆದು, "ಹೊರಗಾಗಿಲ್ಲ ತಾನೇಮ್ಮ?" ಎಂದು ಕೇಳುತ್ತಿದ್ದರು. ಒಂದು ದಿನ ಹೌದು ಎಂದವಳನ್ನು ವರಾಂಡದಲ್ಲಿ ಕೂರಿಸಿದ್ದನ್ನು ಸುಮಿತ್ರಮ್ಮ ಕಣ್ಣಾರೆ ಕಂಡರು.

"ಶಾರದಮ್ಮಾರ, ಕೊಳ್ಳಾಗ ಲಿಂಗ ಇದ್ದವರಿಗೆ ಮೈಲಿಗಿ ಇಲ್ರಿ. ನಾನು ಆ ದಿನಾನೂ ಪೂಜಿ ಮಾಡ್ತೀನಿ. ನನ್ನ ಮಗಳ ದಿನಾ ನೀವು ಎಣಸಬ್ಯಾಡ್ರಿ. ಇನ್ನೊಮ್ಮಿ ಕೇಳಿದ್ರ ನನ್ನ ಮಗಳು ನಿಮ್ಮ ಹೊಸ್ತಿಲಾ ತುಳಿಯೂದಿಲ್ಲ."

ಆಡಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಮಗಳನ್ನು ಮೂಲೆಗೆ ಕೂರಿಸದ ತಾಯಿಗೆ ಹೆಮ್ಮೆ ಇರಬಾರದೇ? ಆದರೆ ಆ ಹೆಮ್ಮೆ ಒಂದು ಹೆಜ್ಜೆ ಮುಂದೆ ಹೋಗಿ, ಮೈಲಿಗೆ ಇಲ್ಲವೆಂದಮೇಲೆ ಆ ಮಾತೂ ಬೇಕಿಲ್ಲ ಎಂಬಲ್ಲಿಗೆ ಬಂದು ನಿಂತಿತ್ತು. ಅಂಗಡಿಯಿಂದ ಪ್ಯಾಕೆಟ್ ತಂದು ಮಗಳ ಕಪಾಟಿನಲ್ಲಿಟ್ಟರೆ ಸುಮಿತ್ರಮ್ಮನ ಕೆಲಸ ಮುಗಿಯಿತು. ಹೀಗೆ ಒಂದು ಮನೆ ದಿನ ಎಣಿಸುತ್ತ ಸುಮ್ಮನಿತ್ತು, ಇನ್ನೊಂದು ಎಣಿಸದೆ ಸುಮ್ಮನಿತ್ತು.

ಶಾರದಮ್ಮನವರು ಕೇಳುವುದನ್ನು ಬಿಟ್ಟರು. ವಿಚಿತ್ರವೆಂದರೆ ಶರಣ್ಯಾ ತಾನಾಗಿಯೇ ಹೇಳತೊಡಗಿದಳು. ಗೆಳತಿಯ ಮನೆ ತಪ್ಪಿಹೋದೀತೆಂದೋ, ದೊಡ್ಡವರ ನಡುವೆ ಮತ್ತೆ ಮಾತು ಬೆಳೆಯಬಾರದೆಂದೋ, ಆ ದಿನಗಳಲ್ಲಿ ಬಾಗಿಲಲ್ಲೇ ನಿಂತು, "ಇನ್ನಿಕ್ಕು ಉಳ್ಳ ವರಲೆ ಆಂಟಿ," ಇವತ್ತು ಒಳಗೆ ಬರುವುದಿಲ್ಲ ಎಂದು ಮೆಲ್ಲಗೆ ಹೇಳಿ ಅಲ್ಲೇ ಕೂತುಬಿಡುವಳು. ಶಾರದಮ್ಮನವರು ಏನೂ ಗೊತ್ತಿಲ್ಲದವರಂತೆ ಕಾಫಿ ಲೋಟವನ್ನು ನೆಲದ ಮೇಲಿಟ್ಟು ಹೋಗುವರು. ಭಾವನಾಳಿಗೆ ಆದ ನಾಲ್ಕನೆಯ ದಿನಕ್ಕೆ ಇವಳಿಗೆ. ಮೂರು ವರ್ಷ ಅದು ತಪ್ಪಿರಲಿಲ್ಲ. ಸುಮಿತ್ರಮ್ಮನಿಗೆ ಮಾತ್ರ ಇದು ಗೊತ್ತಿರಲಿಲ್ಲ.

ಇನ್ನು ಶಿವರಂಜನನ ವಿಷಯ. ಚನ್ನವೀರಪ್ಪನವರ ಅಕ್ಕನ ಮಗ, ಶರಣ್ಯಾಳಿಗೆ ಸೋದರತ್ತೆಯ ಮಗ. ಅದೇ ಊರಿನ ಗಿಂಡಿಯಲ್ಲಿ ಇಂಜಿನಿಯರಿಂಗ್ ಓದುತ್ತ ಹಾಸ್ಟೆಲಿನಲ್ಲಿದ್ದ. ಭಾನುವಾರ ರೊಟ್ಟಿ ತಿನ್ನಲು ಮಾವನ ಮನೆಗೆ ಬರುವನು. ಅವಳು ತೊಟ್ಟಿಲಲ್ಲಿದ್ದಾಗಲೇ ಎರಡೂ ಮನೆಯವರು ಇವನ ಹೆಸರನ್ನು ಅವಳಿಗೆ ಅಂಟಿಸಿದ್ದರು. ಅವನು ಮೆಟ್ಟಿಲು ಹತ್ತುವಾಗಲೇ ಸುಮಿತ್ರಮ್ಮ, "ಶರಣ್ಯಾ, ನಿನ್ನ ಗಂಡ ಬಂದ ನೋಡು, ನೀರು ಕೊಡು," ಎಂದು ಕೂಗುವರು. ಚನ್ನವೀರಪ್ಪ ನಗುವರು. ಹುಡುಗಿ ಕೆಂಪಾಗಿ ನೀರು ತರುವಳು. ಶಾರದಮ್ಮನವರೇನು ಕಡಿಮೆ? ಅವರ ತೌರಿನಲ್ಲೂ ಸೋದರಿಕೆಯ ಸಂಬಂಧಗಳು ಬೇಕಾದಷ್ಟಿದ್ದವು. "ಏನಮ್ಮಾ, ನಿಮ್ಮ ಯಜಮಾನರು ಈ ವಾರ ಬರಲಿಲ್ವಾ?" ಎಂದು ಅವರೂ ಕಾಡಿಸಿದ್ದುಂಟು. ಎಲ್ಲರಿಗೂ ಅದು ತಮಾಷೆ. ಹುಡುಗಿಗೆ ಹದಿನಾರು, ಹುಡುಗನಿಗೆ ಇಪ್ಪತ್ತು ತುಂಬಿದ ಮೇಲೂ ಆ ತಮಾಷೆಯನ್ನು ನಿಲ್ಲಿಸಬೇಕೆಂದು ಯಾರ ತಲೆಗೂ ಹೊಳೆಯಲಿಲ್ಲ.

ತೊಂಬತ್ತೊಂಬತ್ತರ ಜೂನ್ ಮೊದಲ ವಾರ ಸುಮಿತ್ರಮ್ಮನ ತಾಯಿ ತೀರಿಕೊಂಡರು. ಆಗ ತಾನೇ ಪ್ಲಸ್ ಒನ್, ಅಂದರೆ ಹನ್ನೊಂದನೆಯ ತರಗತಿ ಶುರುವಾಗಿತ್ತು, ಶರಣ್ಯಾಳನ್ನು ಬಿಟ್ಟು ಸುಮಿತ್ರಮ್ಮ ಹತ್ತು ದಿನಕ್ಕೆ ಊರಿಗೆ ಹೋದರು. ಚನ್ನವೀರಪ್ಪನವರಿಗೆ ಅಂಗಡಿ. ಮನೆಯಲ್ಲಿ ಹುಡುಗಿ ಒಬ್ಬಳೇ ಆಗುತ್ತಾಳೆಂದು ರಜೆಯಲ್ಲಿದ್ದ ಶಿವರಂಜನನನ್ನು ಕರೆಸಿದರು. ಕಾವಲಿಗೆಂದೇ ಕರೆಸಿದ್ದು. ಹೊರಗಿನ ಹುಡುಗನಾಗಿದ್ದರೆ ಇಡೀ ಕಟ್ಟಡ ಕಣ್ಣಿಟ್ಟಿರುತ್ತಿತ್ತು. ಇವನು ಮನೆಯವನು. ಶಾರದಮ್ಮನವರು ಎರಡು ಹೊತ್ತು ಹುಳಿ ಕಳಿಸಿ, "ಗಂಡನಿಗೆ ಬಡಿಸಿ ಆಮೇಲೆ ನೀನು ಊಟ ಮಾಡಮ್ಮ," ಎಂದು ನಕ್ಕಿದ್ದರು.

ಆ ತಿಂಗಳ ಕೊನೆಗೆ ಭಾವನಾ ಚಾಪೆ ಹಿಡಿದಳು, ಎದ್ದಳು. ನಾಲ್ಕು ದಿನ ಕಳೆಯಿತು, ವಾರ ಕಳೆಯಿತು. ಶರಣ್ಯಾ ಬಾಗಿಲಲ್ಲಿ ನಿಲ್ಲಲಿಲ್ಲ. ದಿನವೂ ನೇರ ಒಳಗೆ ಬಂದು ದೇವರ ಮನೆಯ ಎದುರಿಗೇ ಪುಸ್ತಕ ಹರವಿಕೊಂಡು ಕೂರುತ್ತಿದ್ದಳು. ಶಾರದಮ್ಮನವರಿಗೆ ಮೈ ಉರಿಯಿತು. ಅಮ್ಮನ ಪಾಠ ತಲೆಗೇರಿದೆ, ಹೇಳದೆ ಒಳಗೆ ಬರುತ್ತಿದ್ದಾಳೆ, ಮಡಿ ಎಲ್ಲ ಹಾಳಾಯಿತು ಎಂದುಕೊಂಡರು. ಅವರಿಗೆ ಮೊದಲು ಹೊಳೆದದ್ದು ಅದೇ. ಒಂದು ಮಗುವಿನ ಮೈಯಲ್ಲಿ ಏನಾಗಿದೆಯೋ ಎಂದಲ್ಲ, ತಮ್ಮ ಮನೆಯ ಮಡಿಗೆ ಏನಾಯಿತೋ ಎಂದು. ಕೇಳುವಂತಿಲ್ಲವಲ್ಲ, ಹಾಗಾಗಿ ಅವಳೊಡನೆ ಮಾತು ಕಡಿಮೆ ಮಾಡಿದರು. ಕಾಫಿ ಕೊಟ್ಟರೂ ಮುಖ ನೋಡುತ್ತಿರಲಿಲ್ಲ. ಜುಲೈ ಇದೇ ಸಿಟ್ಟಿನಲ್ಲಿ ಕಳೆಯಿತು.

ಆಗಸ್ಟಿನ ಒಂದು ಮಧ್ಯಾಹ್ನ ಒಗ್ಗರಣೆಯ ವಾಸನೆಗೆ ಶರಣ್ಯಾ ಬಾಯಿಗೆ ಕೈ ಹಿಡಿದು ಬಚ್ಚಲಿಗೆ ಓಡಿದಳು. ಹೊರಬಂದಾಗ ಮುಖ ಬಿಳಿಚಿತ್ತು. "ಹೊರಗಿನದು ಏನು ತಿಂದ್ಯೇ?" ಎಂದಳು ಭಾವನಾ. ಒಲೆಯ ಮುಂದಿದ್ದ ಶಾರದಮ್ಮನವರ ಕೈಯ ಸೌಟು ಹಾಗೇ ನಿಂತಿತು. ಜೂನ್, ಜುಲೈ, ಆಗಸ್ಟ್. ಸುಮಿತ್ರಮ್ಮ ಊರಿಗೆ ಹೋದ ಹತ್ತು ದಿನ. ಎಣಿಕೆ ತಾನಾಗಿಯೇ ಆಗಿಹೋಯಿತು, ಅವರು ಎಣಿಸಬೇಕಾಗಿಯೇ ಬರಲಿಲ್ಲ.

ಸಂಜೆ ಗಂಡನಿಗೆ ಹೇಳಿದರು. ಭೋಜರಾಜರು ಪೇಪರು ಮಡಚಿದರು.

"ನೀನು ಡಾಕ್ಟರಾ? ಸುಳ್ಳಾದ್ರೆ ಏನು ಮಾಡ್ತೀಯಾ? ಊರ ಉಸಾಬರಿ ನಮಗ್ಯಾಕೆ."

"ನಿಜ ಆದ್ರೆ?"

"ನಿಜ ಆದ್ರೆ ಅವರಮ್ಮನಿಗೆ ಗೊತ್ತಾಗಲ್ವಾ. ತಾಯಿಗೆ ಗೊತ್ತಾಗದ್ದು ನಿಂಗೆ ಹೇಗೆ ಗೊತ್ತಾಯ್ತು ಅಂದ್ರೆ ಏನು ಹೇಳ್ತೀಯಾ?"

ಸಿಕ್ಕಿಕೊಂಡದ್ದು ಅಲ್ಲೇ. ಹೇಗೆ ಗೊತ್ತಾಯಿತೆಂದರೆ, ಬೇಡವೆಂದಮೇಲೂ ಮೂರು ವರ್ಷ ನಿಮ್ಮ ಮಗಳ ದಿನ ಎಣಿಸಿದ್ದೇನೆ, ನೆಲದ ಮೇಲೆ ಲೋಟ ಇಟ್ಟು ಕಾಫಿ ಕೊಟ್ಟಿದ್ದೇನೆ ಎಂದು ಒಪ್ಪಿಕೊಳ್ಳಬೇಕು. ಆ ಗಟ್ಟಿ ದನಿ ಇಡೀ ಕಟ್ಟಡಕ್ಕೆ ಕೇಳುತ್ತದೆ. ಒಂದು ಹುಡುಗಿಯ ಬಾಳನ್ನೂ ತಮ್ಮ ಮುಖಭಂಗವನ್ನೂ ಶಾರದಮ್ಮನವರು ಅಕ್ಕಪಕ್ಕ ಇಟ್ಟು ನೋಡಿದರೆಂದಲ್ಲ. ಹಾಗೆ ನೋಡಿದ್ದರೆ ಹೇಳಿಯೇ ಬಿಡುತ್ತಿದ್ದರು. ನಾಳೆ ಹೇಳಿದರಾಯಿತು ಎಂದು ಬಿಟ್ಟರು, ಅಷ್ಟೇ. ನಾಳೆಗಳು ಬೇಕಾದಷ್ಟಿದ್ದವು.

ಸೆಪ್ಟೆಂಬರಿನಲ್ಲಿ ಗೌರಿ ಹಬ್ಬ. ಅರಿಶಿನ ಕುಂಕುಮ ಹಿಡಿದು ಎದುರು ಮನೆಗೆ ಹೋದವರು ಇವತ್ತು ಹೇಳಿಯೇ ಬರುವುದೆಂದು ಗಟ್ಟಿ ಮಾಡಿಕೊಂಡಿದ್ದರು. ನಾಲ್ಕನೆಯ ತಿಂಗಳು. ಈಗಲೂ ಡಾಕ್ಟರುಗಳು ಏನಾದರೂ ಮಾಡುತ್ತಾರೆಂದು ಮೇಲಿನ ಮನೆಯ ನರ್ಸ್ ಗುಣವತಿಯನ್ನು ಯಾರದೋ ಕಥೆಯಂತೆ ಕೇಳಿ ತಿಳಿದುಕೊಂಡಿದ್ದರು. ಇನ್ನೂ ಒಂದು ತಿಂಗಳು ಕಳೆದರೆ ಆಗುವುದಿಲ್ಲವೆಂದೂ ಅವಳು ಹೇಳಿದ್ದಳು. ಸುಮಿತ್ರಮ್ಮ ಮಣೆ ಹಾಕಿ ಕೂರಿಸಿ ಕಡುಬಿನ ತಟ್ಟೆ ಕೊಟ್ಟರು.

"ಸುಮಿತ್ರಮ್ಮಾ, ಶರಣ್ಯಾ ಹೇಗಿದ್ದಾಳೆ?"

"ಛಲೋ ಅದಾಳ್ರಿ. ಈಗೀಗ ಭಾಳ ನಿದ್ದಿ. ಆದ್ರ ಮೈ ಕೈ ತುಂಬಿಕೊಂಡಾಳ. ನಮ್ಮವ್ವ ಹೋದ ಮ್ಯಾಲೆ ನನಗ ಅದೊಂದ ಸಮಾಧಾನ ನೋಡ್ರಿ."

ಹೇಳುತ್ತ ಸುಮಿತ್ರಮ್ಮ ಕಣ್ಣೊರೆಸಿಕೊಂಡರು. ಶಾರದಮ್ಮನವರು ಕಡುಬು ಮುರಿದರು, ತಿಂದರು, ಚೆನ್ನಾಗಿದೆ ಎಂದರು. ಒಳಗಿನ ಕೋಣೆಯಿಂದ ಶರಣ್ಯಾ ಬಂದು ಕಾಲು ಮುಟ್ಟಿ ನಮಸ್ಕಾರ ಮಾಡಿ ಒಂದು ಕ್ಷಣ ಅವರ ಮುಖವನ್ನೇ ನೋಡುತ್ತ ನಿಂತಳು. "ಚೆನ್ನಾಗಿ ಓದಮ್ಮ," ಎಂದು ಶಾರದಮ್ಮನವರು ಎದ್ದು ಬಂದರು. ರಾತ್ರಿ ಊಟ ಬಿಟ್ಟರು. ಬಿಟ್ಟದ್ದರಿಂದ ಯಾರಿಗೇನು ಉಪಯೋಗ!

ದೀಪಾವಳಿಯ ಎಣ್ಣೆಸ್ನಾನಕ್ಕೆ ಮಗಳನ್ನು ಮಣೆಯ ಮೇಲೆ ಕೂರಿಸಿಕೊಂಡು ಬೆನ್ನಿಗೆ ಎಣ್ಣೆ ಹಚ್ಚುತ್ತಿದ್ದಾಗ ಸುಮಿತ್ರಮ್ಮನ ಕೈಗೆ ತಿಳಿಯಿತು. ಊರೆಲ್ಲ ಪಟಾಕಿ ಸಿಡಿಯುತ್ತಿದ್ದ ಆ ಬೆಳಿಗ್ಗೆ ಎದುರು ಮನೆಯ ಬಾಗಿಲು ತೆರೆಯಲಿಲ್ಲ. ಎರಡು ದಿನದ ನಂತರ ಸುಮಿತ್ರಮ್ಮ ತಾವಾಗಿ ಬಂದು ಶಾರದಮ್ಮನವರ ಅಡುಗೆಮನೆಯ ನೆಲದ ಮೇಲೆ ಕೂತರು. ಆ ದನಿ ಎಲ್ಲಿ ಹೋಗಿತ್ತೋ.

"ಲೇಡಿ ಡಾಕ್ಟರ್ ಅಂದ್ರು, ಐದು ತಿಂಗಳು ದಾಟೈತಿ, ಇನ್ನ ಕೈ ಹಚ್ಚಾಕ ಬರಾಂಗಿಲ್ಲ ಅಂತ. ಒಂದು ತಿಂಗಳ ಮೊದಲ ಬಂದಿದ್ರೂ ಆಗ್ತಿತ್ತಂತ. ಯಾರಿಗೂ ಗೊತ್ತ ಆಗಲಿಲ್ಲ ನೋಡ್ರಿ ಶಾರದಮ್ಮಾರ."

"ಹೌದು," ಎಂದರು ಶಾರದಮ್ಮ. "ಯಾರಿಗೂ ಗೊತ್ತಾಗಲಿಲ್ಲ."

ಹೇಳಿದ ಮೇಲೆ ಏನಾದರೂ ಅನಿಸೀತೆಂದು ಕಾದರು. ಏನೂ ಅನಿಸಲಿಲ್ಲ. ಅಳು ಬರಬೇಕಿತ್ತು, ಬರಲಿಲ್ಲ. ಸುಮಿತ್ರಮ್ಮನ ಬೆನ್ನ ಮೇಲೆ ಕೈಯಿಟ್ಟರು. ಆ ಕೈ ತಮ್ಮದಲ್ಲವೆಂಬಂತೆ ಅಲ್ಲಿ ಸುಮ್ಮನೆ ಬಿದ್ದುಕೊಂಡಿತ್ತು.

ಮುಂದಿನದು ಬೇಗ ಬೇಗ ಆಯಿತು. ಚನ್ನವೀರಪ್ಪನವರ ಅಕ್ಕ ಬಂದರು. ಕೂಗಾಟ ರೇಗಾಟ ನಡೆಯುತ್ತದೆಂದು ಕಟ್ಟಡದವರು ಕಿವಿ ನಿಮಿರಿಸಿದ್ದರು, ಏನೂ ನಡೆಯಲಿಲ್ಲ. "ಹೆಂಗೂ ಮಾಡೂದ ಇತ್ತಲ್ಲ, ಎರಡು ವರ್ಷ ಮೊದಲ ಆತು," ಎಂದರಂತೆ. ಡಿಸೆಂಬರಿನಲ್ಲಿ ರಾಣೆಬೆನ್ನೂರಿನ ಒಂದು ಮಠದಲ್ಲಿ ಹತ್ತು ಜನರ ಮುಂದೆ ಮದುವೆ. ವಯಸ್ಸು ಹದಿನೆಂಟೆಂದು ಹೇಳಿದರು, ಯಾರೂ ಕಾಗದ ಕೇಳಲಿಲ್ಲ. ಶಿವರಂಜನ ತಾಳಿ ಕಟ್ಟಿ ನಾಲ್ಕನೆಯ ದಿನ ಸೆಮಿಸ್ಟರ್ ಪರೀಕ್ಷೆಗೆ ಗಿಂಡಿಗೆ ಹಿಂತಿರುಗಿದ. ಅವನ ಓದು ಒಂದು ದಿನವೂ ನಿಲ್ಲಲಿಲ್ಲ. ಶರಣ್ಯಾಳ ಟಿ.ಸಿ.ಯನ್ನು ಚನ್ನವೀರಪ್ಪನವರು ಶಾಲೆಯಿಂದ ತಂದರು, ಕಾರಣದ ಜಾಗದಲ್ಲಿ ಊರು ಬದಲಾವಣೆ ಎಂದು ಬರೆದಿತ್ತು. ಫೆಬ್ರವರಿಯ ಕೊನೆಗೆ ಹೆಣ್ಣು ಮಗುವಾಯಿತು. ಹೇಗೋ ಸರಿಹೋಯಿತು ಎಂದು ಕಟ್ಟಡದವರೆಲ್ಲ ಅಂದರು. ಭೋಜರಾಜರೂ ಅಂದರು.

ಭಾವನಾ ಮೊದಲ ಕೆಲವು ತಿಂಗಳು ಬೆಂಚಿನಲ್ಲಿ ಒಬ್ಬಳೇ ಕೂರುತ್ತಿದ್ದಳಂತೆ. ಆಮೇಲೆ ಬೇರೆ ಹುಡುಗಿ ಬಂದಳು. ಅವಳು ಬಿ.ಕಾಂ. ಮಾಡಿ ಬ್ಯಾಂಕಿನ ಪರೀಕ್ಷೆ ಪಾಸಾಗಿ ಅಡ್ಯಾರಿನ ಶಾಖೆಗೆ ಕೆಲಸಕ್ಕೆ ಸೇರಿದಳು. ಶಾರದಮ್ಮನವರು ಈ ವರ್ಷಗಳಲ್ಲಿ ಅಡುಗೆ ಮಾಡಿದರು, ಹಬ್ಬ ಮಾಡಿದರು, ಕೇಳಿದವರಿಗೆ ಏಕಾದಶಿ ಹೇಳಿದರು. ವರಾಂಡದ ಚಾಪೆಯನ್ನು ಒಂದು ದಿನ ಸುತ್ತಿ ಅಟ್ಟಕ್ಕೆ ಹಾಕಿದರು. ಯಾಕೆಂದು ಭಾವನಾ ಕೇಳಿದ್ದಕ್ಕೆ ಸಾಕಾಯಿತು ಎಂದರು. ಸುಮಿತ್ರಮ್ಮನೊಡನೆ ಸ್ನೇಹ ಮೊದಲಿಗಿಂತ ಹೆಚ್ಚೇ ಆಯಿತು. ಅವರು ಪ್ರೀತಿಯಿಂದ ಒಂದು ಬಟ್ಟಲು ಪಲ್ಯ ಕಳಿಸಿದರೂ ಶಾರದಮ್ಮನವರಿಗೆ ಅದು ಬೇಡವೆನಿಸುತ್ತಿತ್ತು. ಆದರೂ ತಿನ್ನುತ್ತಿದ್ದರು. ತಾನು ಒಬ್ಬ ಕಳ್ಳಿ ಎಂಬುದು ಅವರಿಗೆ ಗೊತ್ತಿತ್ತು, ಆದರೆ ಆ ಗೊತ್ತಿರುವಿಕೆಯೂ ದಿನಬಳಕೆಯ ಪಾತ್ರೆಯಂತಾಗಿಬಿಟ್ಟಿತ್ತು.

ಎರಡು ಸಾವಿರದ ಎಂಟರ ಮೇ ತಿಂಗಳಲ್ಲಿ ಶರಣ್ಯಾ ಮಗಳ ಕಣ್ಣು ತೋರಿಸಲು ಚೆನ್ನೈಗೆ ಬಂದಳು. ನಡುವೆ ಬಂದಾಗಲೆಲ್ಲ ಎರಡು ದಿನ ಇದ್ದು ಹೋಗುವಳು, ಎದುರು ಮನೆಯವರೆಗೆ ಬಂದಿದ್ದೇ ಕಡಿಮೆ. ಹೊರಡುವ ದಿನ ಮಧ್ಯಾಹ್ನ ಮಗಳ ಕೈ ಹಿಡಿದು ಬಂದಳು. ಇಪ್ಪತ್ತೈದಕ್ಕೇ ಹೆಗಲು ಇಳಿದಿತ್ತು. ಒಂದು ಕಾಲಕ್ಕೆ ಕನ್ನಡದಲ್ಲಿ ಮಾತಾಡಿಸಿದರೆ ತಮಿಳಿನಲ್ಲಿ ಓಡಿಹೋಗುತ್ತಿದ್ದವಳು ಈಗ ಅತ್ತೆಯ ಊರಿನ ಕನ್ನಡವನ್ನೇ ಆಡುತ್ತಿದ್ದಳು. ಶಿವರಂಜನ ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯಲ್ಲಿದ್ದ, ತಿಂಗಳಿಗೊಮ್ಮೆ ಬರುವನು. ಒಳ್ಳೆಯವನೇ, ಬಡಿಯುವುದಿಲ್ಲ ಎಂದಳು, ಒಳ್ಳೆಯವನಾಗಲು ಅಷ್ಟು ಸಾಕು ಎಂಬಂತೆ. ಮಗಳು ಪ್ರೇರಣಾ ಹೊಸ ಕನ್ನಡಕ ಹಾಕಿಕೊಂಡು ಭಾವನಾಳ ಹಳೆಯ ಪುಸ್ತಕಗಳ ಮುಂದೆ ಕೂತಳು.

ಶಾರದಮ್ಮನವರು ಕಾಫಿ ಕೈಗೆ ಕೊಟ್ಟು ಎದುರಿಗೆ ಕೂತರು. ಹೇಳಬೇಕೆಂದು ನಿರ್ಧಾರವೇನೂ ಮಾಡಿರಲಿಲ್ಲ. ಬಾಯಿಂದ ಬಂದುಬಿಟ್ಟಿತು.

"ಆಗ ನಂಗೆ ಗೊತ್ತಾಗಿತ್ತಮ್ಮ ಶರಣ್ಯಾ. ಆಗಸ್ಟಿನಲ್ಲೇ ಗೊತ್ತಾಗಿತ್ತು. ನೀನು ಮುಚ್ಚಿಡ್ತಿದ್ದೀಯಾ ಅಂದ್ಕೊಂಡೆ. ನಿಮ್ಮಮ್ಮನಿಗೆ ಹೇಳ್ಬೇಕಿತ್ತು, ಹೇಳಲಿಲ್ಲ."

ಶರಣ್ಯಾ ಒಂದು ಗುಟುಕು ಕುಡಿದಳು.

"ನಾನು ಏನೂ ಮುಚ್ಚಿಡಲಿಲ್ಲ ಆಂಟಿ. ನನಗ ಗೊತ್ತ ಇರಲಿಲ್ಲ."

"ಏನು ಗೊತ್ತಿರಲಿಲ್ಲಮ್ಮ?"

"ನಿಂತದ್ದು ಯಾಕ ಅಂತ. ಅವರು ಅಂದಿದ್ರು, ನಾವು ಹೆಂಗೂ ಗಂಡಾ ಹೆಂಡ್ತಿನ ಅಲ್ಲಾ ಅಂತ. ನೀವೆಲ್ಲಾರೂ ಹಂಗ ಅಂತಿದ್ರಲ್ಲ. ಮಗು ಅಂದ್ರ ಮದುವಿ ಆದ ಮ್ಯಾಲೆ ಆಗೂದು ಅಂದ್ಕೊಂಡಿದ್ದೆ. ಹತ್ತನೇ ಕ್ಲಾಸಿನಾಗ ಆ ಪಾಠ ಬಂದಾಗ ಮಿಸ್ಸು, ಮನ್ಯಾಗ ಓದ್ಕೋರಿ ಅಂದು ಹಾಳಿ ತಿರುವಿದ್ರು." ಲೋಟವನ್ನು ಕೆಳಗಿಟ್ಟಳು. "ನಿಂತು ವಾರ ದಾಟಿದಾಗ ಅಂಜಿಕಿ ಬಂತು. ಅವ್ವನ್ನ ಕೇಳಾಕ ನನಗ ಮಾತ ಬರ್ತಿರಲಿಲ್ಲ. ನಿಮಗ ಇವೆಲ್ಲ ಗೊತ್ತಿರ್ತಾವು, ನೀವ ಕೇಳ್ತೀರಿ ಅಂತ ದಿನಾ ಬಂದು ನಿಮ್ಮ ಕಣ್ಣ ಮುಂದ ಕೂಡ್ತಿದ್ದೆ."

ಶಾರದಮ್ಮನವರು ಅವಳ ಹತ್ತಿರಕ್ಕೆ ಸರಿದರು.

"ನೀನೇ ಒಂದು ಮಾತು ಕೇಳಬಾರದಿತ್ತಾ, ಮಗಳೇ?"

"ಕೇಳೂನು ಅಂತ ಒಂದಿನ ನಮ್ಮ ಬಾಗಲಾ ಮುಟ್ಟಿದಾಕಿ ತಿರುಗಿ ಬಂದೆ ಆಂಟಿ. ನೀವು ನಾ ಕುಂತಿದ್ದ ಜಾಗಾದ ಮ್ಯಾಲೆ ನೀರು ಹಾಕಿ ತೊಳೀತಿದ್ರಿ. ಹಂಗ ಹೊಳ್ಳಿ ಹೋದೆ."

ಶಾರದಮ್ಮನವರಿಗೆ ಅದು ನೆನಪಿರಲಿಲ್ಲ. ಒಂದು ಸಲವಲ್ಲ, ಜುಲೈ ಪೂರ್ತಿ ದಿನವೂ ತೊಳೆದದ್ದರಿಂದ ಅದರಲ್ಲಿ ಯಾವುದು ಆ ದಿನವೆಂದು ಅವರಿಗೆ ತಿಳಿಯುವಂತೆಯೂ ಇರಲಿಲ್ಲ. ಶರಣ್ಯಾ ಸಿಟ್ಟಿನಿಂದ ಹೇಳಿರಲಿಲ್ಲ, ದುಃಖದಿಂದಲೂ ಅಲ್ಲ, ಯಾರದೋ ವಿಷಯ ಹೇಳುವಂತೆ ಹೇಳಿದ್ದಳು. ಉಳಿದ ಕಾಫಿ ಕುಡಿದು, ಲೋಟವನ್ನು ತಾನೇ ತೊಳೆದಿಟ್ಟು, ಮಗಳನ್ನು ಕರೆದಳು. ರೈಲಿಗೆ ಹೊತ್ತಾಗಿತ್ತು.

ಶಾರದಮ್ಮನವರು ಬಾಗಿಲವರೆಗೆ ಬಂದು, ಹುಷಾರಾಗಿ ಹೋಗಿಬನ್ನಿ ಎಂದರು.